ಬೀಗ ಹಾಕಲು ಬಂದವನ ಎಂಜಿನ್

ನಮ್ಮ ಟೋಕಿಯೋ ಆಫೀಸಿನಲ್ಲಿ ಸೋಮವಾರ ಬೆಳಿಗ್ಗೆ ಎಲ್ಲರೂ ಎದ್ದು ನಿಲ್ಲುತ್ತಾರೆ, ಒಬ್ಬರು ಮೂರು ನಿಮಿಷ ಮಾತಾಡುತ್ತಾರೆ. ಜಪಾನಿನ ಕಂಪನಿಗಳಲ್ಲಿ ಇದು ಹಳೆಯ ಪದ್ಧತಿ. ಮಾತು ಗಂಭೀರವಾಗಿರಬೇಕು, ಕೇಳಿದವರಿಗೆ ನೋವಾಗಬಾರದು, ಸಾಧ್ಯವಾದರೆ ಏನೂ ಆಗಬಾರದು. ನನ್ನ ಸರದಿ ಬಂದಾಗ, ಮಿಮಿಕ್ರಿ ಗಿಮಿಕ್ರಿ ಬೇಡ ಎಂದು ಅಕ್ಕ ಮೊದಲೇ ಎಚ್ಚರಿಸಿದ್ದರು. ಅಕ್ಕ ಎಂದರೆ ಒಡಹುಟ್ಟಿದವರಲ್ಲ, ನಮ್ಮ ಟೀಮಿನ ಹಿರಿಯರು. ಮೈಸೂರಿನವರು, ಇಲ್ಲೇ ಟೋಕಿಯೋದ ಫುನಾಬೊರಿಯಲ್ಲಿ ಗಂಡ, ಮಗಳೊಂದಿಗೆ ಇದ್ದಾರೆ.

ಅವರ ಭಯಕ್ಕೆ ಕಾರಣವಿತ್ತು. ಲಿಫ್ಟಿನೊಳಗಿನ ಹೆಂಗಸಿನ ದನಿ, ಕೊಂಬಿನಿ ಅಂಗಡಿಯ ಹುಡುಗನ ಸ್ವಾಗತ, ಮಗಳನ್ನು ಮೂರು ಭಾಷೆಯಲ್ಲಿ ಬೈಯುವ ಅಕ್ಕ, ಎಲ್ಲವೂ ನನ್ನ ಬಾಯಲ್ಲಿ ಬರುತ್ತವೆ. ಬಿಸಿ ಬೋಂಡ ಬಾಯಲ್ಲಿಟ್ಟುಕೊಂಡವನಂತೆ ಜಪಾನಿ ಮಾತಾಡುವ ನನ್ನನ್ನೂ ನಾನು ಚೆನ್ನಾಗಿಯೇ ಮಾಡುತ್ತೇನೆ.

ನಮ್ಮ ವಿಭಾಗದ ಮುಖ್ಯಸ್ಥರನ್ನು ಬುಚೋ ಎನ್ನುತ್ತೇವೆ. ಅವರಿಗೆ ಹಳೆಯ ಅಮೆರಿಕನ್ ಕಾರುಗಳ ಹುಚ್ಚು. ಮೀನಿನಂತೆ ಬಾಲವಿರುವ ಪುಟ್ಟ ಆಟಿಕೆ ಕಾರೊಂದು ಅವರ ಮೇಜಿನ ಮೇಲಿದೆ. ಅವರು ಬರುವುದು ಮಾತ್ರ ರೈಲಿನಲ್ಲಿ. ಅಂಥ ಕಾರು ತಂದರೆ ಅವರ ಓಣಿಯಲ್ಲಿ ಸೈಕಲ್ಲಿಗೂ ಜಾಗ ಉಳಿಯುವುದಿಲ್ಲ. ಸ್ವಲ್ಪ ಬೆಣ್ಣೆ ಹಚ್ಚೋಣವೆಂದು ಆ ಕಾರಿನ ಕಂಪನಿ ಹುಟ್ಟಿದ ಕಥೆಯನ್ನೇ ಆರಿಸಿಕೊಂಡು, ಜಪಾನಿಯಲ್ಲಿ ಬಾಯಿಪಾಠ ಮಾಡಿದೆ.

ಸೋಮವಾರ ಹೋಗಿ ನೋಡಿದರೆ ಕೋಬೆಯ ಮುಖ್ಯ ಕಚೇರಿಯಿಂದ ಒಬ್ಬರು ಬಂದು ಟೇಪು ಹಿಡಿದು ನಮ್ಮ ಮೇಜುಗಳನ್ನು ಅಳೆಯುತ್ತಿದ್ದರು. ಅಕ್ಕನ ಮುಖ ಇಳಿದುಹೋಗಿತ್ತು.

"ಹೋದ ವರ್ಷಾನೂ ಇವ್ರೇ ಬಂದು ಅಳೆದುಕೊಂಡು ಹೋದ್ರು ಕಣೋ. ಆಮೇಲೆ ಪಕ್ಕದ ಟೀಮನ್ನ ಪುಣೆಗೆ ವಾಪಸ್ ಕಳಿಸಿದ್ರು."

ನಮ್ಮನ್ನೂ ಕಳಿಸುತ್ತಾರೆಂಬ ಸುದ್ದಿ ಅವರ ಕಿವಿಗೆ ಮೊದಲೇ ಬಿದ್ದಿತ್ತಂತೆ. ವರ್ಷದ ನಡುವೆ ಮಗಳಿಗೆ ಸೀಟು ಸಿಗುತ್ತದೆಯೇ ಎಂದು ಮೈಸೂರಿನ ಶಾಲೆಗಳಲ್ಲಿ ವಿಚಾರಿಸಿಯೂ ಆಗಿತ್ತು. ಆಮೇಲೆ, ನಿನ್ನ ಕಥೆ ಏನು ಎಂದು ಕೇಳಿದರು. ಕಂಪನಿ ಮುಚ್ಚಬೇಕೆಂದು ಮಾಲೀಕರು ತೀರ್ಮಾನಿಸುತ್ತಾರೆ, ಯಂತ್ರಗಳಿಗೆ ಬೆಲೆ ಕಟ್ಟಲು ಒಬ್ಬ ಬರುತ್ತಾನೆ ಎಂದೆ. ಅಕ್ಕ ಕಣ್ಣು ಮುಚ್ಚಿಕೊಂಡರು.

"ಬೇರೆ ಕಥೆ ಹೇಳೋ."

"ಅಕ್ಕ, ಜಪಾನಿಯಲ್ಲಿ ನಂಗೆ ಬರೋದು ಇದೊಂದೇ ಕಥೆ."

ಶುರುಮಾಡಿದೆ. ಕಂಪನಿ ತೆರೆದಾತ ಹಣ ಹಾಕಿದವರೊಡನೆ ಜಗಳವಾಡಿ ಹೊರಟುಹೋದ. ಮುಂದೆ ಅವನು ತನ್ನದೇ ಹೆಸರಿನಲ್ಲಿ ಕಾರು ಮಾಡಿ ಲೋಕವನ್ನೇ ತುಂಬಿದ, ಅದು ಬೇರೆ ಮಾತು. ಉಳಿದವರು ಯಂತ್ರಗಳನ್ನು ಮಾರಿಬಿಡೋಣವೆಂದು ಒಬ್ಬ ಹಿರಿಯ ಎಂಜಿನಿಯರನ್ನು ಕರೆಸಿದರು. ಅವನು ಬಂದ, ಒಂದೊಂದೇ ಯಂತ್ರ ನೋಡಿದ.

ಇಲ್ಲಿ ನನ್ನ ಬಾಯಿ ನನ್ನನ್ನು ಕೇಳದೆ ಕೆಲಸ ಮಾಡಿತು. ಯಾವುದಕ್ಕಾದರೂ ಇಲ್ಲ ಎನ್ನುವ ಮೊದಲು ನಮ್ಮ ಬುಚೋ ಕತ್ತು ವಾಲಿಸಿ, ಹಲ್ಲಿನ ಸಂದಿಯಿಂದ 'ಸ್ಸ್ಸ್' ಎಂದು ಉಸಿರೆಳೆದುಕೊಳ್ಳುತ್ತಾರೆ. ಆ ಸದ್ದು ಕೇಳಿದರೆ ಸಾಕು, ರಜೆ ಕೇಳಲು ಹೋದವರು ಅರ್ಧದಲ್ಲೇ ತಿರುಗಿ ಬರುತ್ತಾರೆ. ನನ್ನ ಅಮೆರಿಕನ್ ಎಂಜಿನಿಯರು ಯಂತ್ರದ ಮುಂದೆ ನಿಂತು ಥೇಟ್ ಹಾಗೆಯೇ ಉಸಿರೆಳೆದ.

ಯಾರೂ ನಗಲಿಲ್ಲ. ಎಲ್ಲರೂ ನೆಲ ನೋಡಿದರು. ನಾನು ಬೆವರುತ್ತಾ ಕಥೆ ಮುಗಿಸಿದೆ: ಇವನ್ನು ಮಾರಬೇಡಿ, ನನ್ನ ಕಾರ್ಖಾನೆಯಲ್ಲಿ ಒಂದು ಎಂಜಿನ್ ಇದೆ, ಬೇರೆ ಕಂಪನಿಯವರು ಬೇಡವೆಂದದ್ದು, ಅದನ್ನೇ ಹಾಕಿ ಕಾರು ಮಾಡಿ ಎಂದ ಆತ. ಹೊಸ ಹೆಸರಿಟ್ಟು ಮಾಡಿದರು, ಬುಚೋ ಮೇಜಿನ ಮೇಲಿರುವುದು ಅದೇ ಹೆಸರಿನ ಕಾರು. ಬಗ್ಗಿ ನಮಸ್ಕರಿಸಿದೆ. ಬುಚೋ ನನ್ನನ್ನೂ ಅಕ್ಕನನ್ನೂ ಮೀಟಿಂಗ್ ರೂಮಿಗೆ ಕರೆದರು.

ಒಳಗೆ ಕೋಬೆಯವರೂ ಇದ್ದರು. ಅವರ ಮಾತು ನನಗೆ ಅರ್ಧ ಅರ್ಥವಾಯಿತು, ಉಳಿದರ್ಧ ಅಕ್ಕನ ಮುಖ ನೋಡಿ ತಿಳಿಯಿತು. ನಮ್ಮ ಟೀಮಿಗೆ ಇನ್ನಷ್ಟು ಜನ ಬರುತ್ತಾರೆ, ಇಲ್ಲಿ ಜಾಗ ಸಾಲದು, ಮೇಲಿನ ಮಹಡಿಗೆ ಹೋಗಬೇಕು, ಈ ಮೇಜುಗಳು ಅಲ್ಲಿ ಹಿಡಿಸುತ್ತವೆಯೇ ಎಂದು ನೋಡುತ್ತಿದ್ದರಂತೆ. ಹೋದ ವರ್ಷ ಪುಣೆಯವರ ಕೆಲಸ ಮುಗಿದಿತ್ತು, ಹೋದರು. ಅದಕ್ಕೂ ಟೇಪಿಗೂ ಸಂಬಂಧವಿರಲಿಲ್ಲ.

ಆಮೇಲೆ ಬುಚೋ ನನ್ನ ಕಡೆ ತಿರುಗಿ, 'ನಾನು ನಿಜವಾಗಿಯೂ ಹಾಗೆ ಸದ್ದು ಮಾಡುತ್ತೇನೆಯೇ?' ಎಂದು ಕೇಳಿದರು. 'ಸುಮಿಮಾಸೆನ್' ಎಂದು ಕ್ಷಮೆ ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕೋಬೆಯವರೇ, ಕೆಲಸಕ್ಕೆ ಸೇರಿದ ದಿನದಿಂದ ಮಾಡುತ್ತಿದ್ದೀರಿ ಎಂದುಬಿಟ್ಟರು. ಬುಚೋ ನಕ್ಕರು. ಆ ಎಂಜಿನನ್ನು ಬೇಡವೆಂದ ಕಂಪನಿ ಯಾವುದು ಎಂದು ವಿಚಾರಿಸಿ, ಕೊನೆಗೆ ನನಗೆ ಗೊತ್ತಿಲ್ಲದ್ದನ್ನೂ ಅವರೇ ಹೇಳಿಕೊಟ್ಟರು.

ಹೊರಗೆ ಬಂದು ಅಕ್ಕ ಗೋಡೆಗೊರಗಿ ಗಂಡನಿಗೆ ಫೋನು ಮಾಡಿದರು. ಆ ಕಡೆಯಿಂದ ಸಂತೋಷದ ಬದಲು ಫ್ರಿಜ್ಜಿನ ಚಿಂತೆ ಬಂತು. ಹೇಗೂ ಹೋಗುತ್ತೇವಲ್ಲ ಎಂದು ಭಾವ ನಿನ್ನೆಯೇ ಮನೆಯ ಫ್ರಿಜ್ಜನ್ನು ಕೆಳಗಿನ ಮನೆಯವರಿಗೆ ಕೊಟ್ಟುಬಿಡುವುದಾಗಿ ಮಾತು ಕೊಟ್ಟಿದ್ದರಂತೆ.

"ಕೊಟ್ಬಿಡಿ, ಪಾಪ. ನಾವು ಹೊಸದು ತಗೊಳ್ಳೋಣ. ದೊಡ್ಡದೇ ತಗೊಳ್ಳೋಣ," ಎಂದರು ಅಕ್ಕ. ಮೂಗು ಒರೆಸಿಕೊಳ್ಳುತ್ತಾ ನಗುತ್ತಿದ್ದರು. ಎರಡು ಬಾಗಿಲಿನದಾದರೆ ಒಳ್ಳೆಯದು ಎಂದು ನಾನೂ ಒಂದು ಮಾತು ಸೇರಿಸಿದೆ.