ಅಟ್ಟಕ್ಕೇರಿದ ಸಿತಾರ್

ತುಮಕೂರಿನ ನಮ್ಮ ಬೀದಿಯ ತುದಿಗೆ ಈಚೆಗೆ ಗಾಣದ ಎಣ್ಣೆಯ ಅಂಗಡಿಯೊಂದು ಬಂದಿದೆ. ಅದರ ಮುಂದೆ ಹಾದುಹೋಗುವಾಗ ಕೊಬ್ಬರಿ ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಗುಬ್ಬಿಯಲ್ಲಿದ್ದ ನಮ್ಮ ಹಳೆಯ ಮನೆಯ ಪಡಸಾಲೆ ಕಣ್ಣಮುಂದೆ ಬರುತ್ತದೆ. ನಿಮಗೂ ಅಂಥದೊಂದು ಮನೆ ಇದ್ದಿರಬಹುದು. ಅಲ್ಲಿ ಚಾಪೆಯ ಮೇಲೆ ಅಪ್ಪನ ತಂಗಿ ಸುಶೀಲತ್ತೆ ಸಿತಾರ್ ಹಿಡಿದು ಕೂತಿರುತ್ತಿದ್ದಳು. ತಂತಿಯ ಮೇಲೆ ಬೆರಳು ಸಲೀಸಾಗಿ ಜಾರಲೆಂದು ಪಕ್ಕದಲ್ಲೊಂದು ಎಣ್ಣೆ ಬಟ್ಟಲು. ರೈಲಿನಲ್ಲಿ ತುಮಕೂರಿಗೆ ಹೋಗಿ ಮೇಷ್ಟರೊಬ್ಬರಿಂದ ಕಲಿತ ರಾಗಗಳನ್ನು ಸಂಜೆ ನುಡಿಸುತ್ತಿದ್ದಳು. ಹಾರ್ಮೋನಿಯಂ ಬಿಟ್ಟರೆ ಬೇರೇನೂ ಕಾಣದ ಗುಬ್ಬಿಯ ಆ ಬೀದಿಗೆ ಅದು ದೊಡ್ಡ ಸೋಜಿಗ. ರಾಗದ ಗಂಧಗಾಳಿ ಇಲ್ಲದಿದ್ದರೂ ಕಾಯಿ ಸುಲಿಯುವವರು ಕೈ ನಿಲ್ಲಿಸಿ ಕೇಳುತ್ತಿದ್ದರು. ಒಬ್ಬರಿಗೆ ಸಿನಿಮಾ ಹಾಡು ಬೇಕು, ಇನ್ನೊಬ್ಬರಿಗೆ ಭಜನೆ. ಮೇಷ್ಟರು ಬೇಡವೆಂದಿದ್ದರೂ ಅತ್ತೆ ಎಲ್ಲವನ್ನೂ ನುಡಿಸುತ್ತಿದ್ದಳು. ಅಜ್ಜಿಗೆ ಮಾತ್ರ ಆ ನಿಧಾನದ ಆಲಾಪವೇ ಪ್ರಾಣ. "ಯಾರೋ ನಮ್ಮೋರೇ ಕರ್ದಂಗಾಯ್ತದೆ ಕಣೇ, ಇನ್ನೊಂಚೂರು ನುಡ್ಸು," ಅನ್ನುತ್ತಿದ್ದಳು.

ಮದುವೆಯಾಗಿ ಅತ್ತೆ ಹೊರಟದ್ದು ಕುಣಿಗಲ್ಲಿನ ಒಂದೇ ಕೋಣೆಯ ಬಾಡಿಗೆ ಮನೆಗೆ. "ದೊಡ್ಡ ಮನೆ ಮಾಡಿದ್ಮೇಲೆ ತಗೊಂಡೋಗ್ತೀನಿ. ಜೋಪಾನ ಕಣಮ್ಮ," ಎಂದು ಸಿತಾರನ್ನು ಅಜ್ಜಿಗೆ ಒಪ್ಪಿಸಿದಳು. ನಮ್ಮಲ್ಲಿ ಜೋಪಾನವಾಗಿಡಬೇಕಾದದ್ದೆಲ್ಲ ಸೇರುವುದು ಕೊಬ್ಬರಿ ಒಣಗುವ ಅಟ್ಟಕ್ಕೆ. ಸಿತಾರಿನ ಸೋರೆ ಬುರುಡೆ ಬಿರುಕು ಬಿಡದಿರಲೆಂದು ಅಜ್ಜಿ ಅದಕ್ಕೆ ಕೈತುಂಬ ಕೊಬ್ಬರಿ ಎಣ್ಣೆ ಸವರಿ, ತನ್ನ ಧಾರೆ ಸೀರೆಯಲ್ಲಿ ಸುತ್ತಿ, ಕೊಬ್ಬರಿಯ ನಡುವೆ ಮಲಗಿಸಿದಳು. ಏಣಿ ಹಿಡಿದಿದ್ದವಳು ನಾನೇ.

ಮೂರು ವರ್ಷದ ಮೇಲೆ ಅತ್ತೆ ಅದನ್ನು ಒಯ್ಯಲು ಬಂದಳು. ಸೀರೆ ಬಿಚ್ಚಿದರೆ, ಎಣ್ಣೆಯ ರುಚಿಗೆ ಇಲಿಗಳು ಬುರುಡೆಯನ್ನು ಅರ್ಧ ತಿಂದುಹಾಕಿದ್ದವು. ಅಜ್ಜಿಯ ಮುಖದಲ್ಲಿ ರಕ್ತವೇ ಇರಲಿಲ್ಲ. ಅತ್ತೆ ಒಮ್ಮೆ ಬುರುಡೆಯನ್ನು, ಒಮ್ಮೆ ಅಜ್ಜಿಯನ್ನು ನೋಡಿ ನಕ್ಕುಬಿಟ್ಟಳು. "ಅಯ್ಯೋ ಬುಡಮ್ಮ, ನಂಗದ್ರ ಆಸೆ ಎಂದೋ ಹೋಯ್ತು. ಯಾರ್ಗಾದ್ರೂ ಕೊಡಾನ ಅಂತ ಬಂದೆ." ಅಜ್ಜಿ "ಸದ್ಯ" ಎಂದು ಉಸಿರುಬಿಟ್ಟಳು. ಆಮೇಲೆ ಹಿತ್ತಿಲಿಗೆ ಹೋದ ನಾನು, ಅತ್ತೆ ತೆಂಗಿನ ಮರಕ್ಕೆ ಹಣೆಯೊತ್ತಿ ಅಳುವುದನ್ನು ಕಂಡೆ.

ಮಾವ ಹೊಸದು ತರುತ್ತೇನೆಂದರೂ ಅವಳು ಒಪ್ಪಲಿಲ್ಲ. "ನುಡ್ಸಿದ್ರೆ ಅಮ್ಮಂಗೆ ಗೊತ್ತಾಗ್ಬುಡ್ತದೆ, ಅವತ್ತು ಸುಳ್ಳೇಳ್ದೆ ಅಂತ," ಎಂದು ನನಗೊಬ್ಬಳಿಗೆ ಗುಟ್ಟು ಹೇಳಿದ್ದಳು. ಅಜ್ಜಿ ತೊಂಬತ್ತು ದಾಟಿ ಬದುಕಿದಳು. ತಿಥಿ ಮುಗಿದ ಮಾರನೆಯ ದಿನ, "ಅತ್ತೆ, ಇನ್ನು ನುಡಿಸ್ಬೋದಲ್ಲ?" ಎಂದೆ. ಅವಳು ಗಂಟುಗಟ್ಟಿದ ಬೆರಳುಗಳನ್ನು ನನ್ನ ಅಂಗೈಯಲ್ಲಿಟ್ಟಳು. "ಮಡ್ಚಾಕಾಗಲ್ಲ ಕಣೇ."

ಈಗ ಆ ಮನೆಯೂ ಇಲ್ಲ, ಅತ್ತೆಯೂ ಇಲ್ಲ. ಸಿನಿಮಾ ಹಾಡಿನ ನಡುವೆಯೋ, ಯೋಗದ ಕ್ಲಾಸಿನಲ್ಲೋ, ಎಲ್ಲೇ ಸಿತಾರ್ ಕೇಳಿಸಲಿ, ಅವಳು ನುಡಿಸದೆ ಕಳೆದ ವರ್ಷಗಳು ನೆನಪಾಗುತ್ತವೆ. ಅಷ್ಟೂ ವರ್ಷ, ಅಜ್ಜಿ ನೂರು ಕಾಲ ಬಾಳಲೆಂದು ದೇವರಾಯನದುರ್ಗದ ಬೆಟ್ಟ ಹತ್ತಿ ಹರಕೆ ಸಲ್ಲಿಸಿ ಬರುತ್ತಿದ್ದವಳೂ ಅವಳೇ.