ವೇದಿಕೆಯಲ್ಲಿ ಕರೆಯದ ಹೆಸರು

ವರ್ಗಾವಣೆಯಾಗಿ ಧಾರವಾಡದಿಂದ ವಿಶಾಖಪಟ್ಟಣದ ಬ್ಯಾಂಕಿಗೆ ನಾನು ಬಂದಾಗ ಮಗಳಿಗೆ ಆರು ವರ್ಷ. ಈಗ ಅವಳು ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಳೆ. ಕನ್ನಡಕ್ಕಿಂತ ತೆಲುಗೇ ಅವಳ ನಾಲಿಗೆಗೆ ಹಗುರ. ಎರಡು ವರ್ಷದಿಂದ ಪ್ರತಿ ಭಾನುವಾರ ಎಂವಿಪಿ ಕಾಲೋನಿಯ ನಮ್ಮ ಮನೆಯಿಂದ ಬಸ್ಸು ಹತ್ತಿ ಗಾಜುವಾಕಕ್ಕೆ ಹೋಗುತ್ತಾಳೆ. ಅಲ್ಲಿನ ಒಂದು ಹಾಸ್ಟೆಲಿನಲ್ಲಿ ಕಣ್ಣು ಕಾಣದ ಹುಡುಗಿಯರಿಗೆ ಪಾಠ ಓದಿ ಹೇಳುತ್ತಾಳೆ. ಅದರ ಬಗ್ಗೆ ಹೆಮ್ಮೆಪಟ್ಟಿದ್ದೆನೇ ಹೊರತು ನಾನು ಹೆಚ್ಚೇನೂ ಕೇಳಿರಲಿಲ್ಲ.

ಆ ಹಾಸ್ಟೆಲ್ ನಡೆಸುವ ಸಂಸ್ಥೆ ವಿಜಯವಾಡದಲ್ಲಿ ಸ್ವಯಂಸೇವಕರನ್ನು ಸನ್ಮಾನಿಸುತ್ತದೆಂದು ತಿಳಿದ ದಿನವೇ ಅವಳು ತಾಯಿಯ ರೇಷ್ಮೆ ಸೀರೆಗೆ ಬ್ಲೌಸ್ ಹೊಲಿಸಲು ಹೊರಟಳು. ನನಗೆ ಸರಿಬರಲಿಲ್ಲ.

“ಸೇವಾ ಮಾಡಿದವರು ಸನ್ಮಾನ ಯಾಕ ಬಯಸಬೇಕು?” ಎಂದೆ.

“ಬ್ಯಾಂಕಿನ್ಯಾಗ ಇಪ್ಪತ್ತೈದು ವರ್ಷಕ್ಕ ನಿಮಗ ಬೆಳ್ಳಿ ನಾಣ್ಯ ಕೊಟ್ರಲ್ಲಪ್ಪಾ, ಅದನ್ನ ಶೋಕೇಸ್‌ನ್ಯಾಗ ಯಾಕ ಇಟ್ಟೀರಿ?”

ಎರಡು ಟಿಕೆಟ್ ತೆಗೆಸಿದೆ. ಅವಳ ಜೊತೆ ರೈಲು ಹತ್ತಿದೆ.

ವಿಜಯವಾಡದ ಸಭಾಂಗಣ ತುಂಬಿತ್ತು. ಅತಿಥಿಗಳ ಭಾಷಣ ಮುಗಿಯುವಷ್ಟರಲ್ಲಿ ಊಟದ ಹೊತ್ತಾಯಿತು. ನಿರೂಪಕ ಗಡಿಯಾರ ನೋಡಿ, ಒಬ್ಬೊಬ್ಬರನ್ನೇ ಕರೆಯುವುದನ್ನು ಬಿಟ್ಟು, ವಿಶಾಖಪಟ್ಟಣದವರೆಲ್ಲ ಒಟ್ಟಿಗೆ ಬನ್ನಿ ಎಂದು ತೆಲುಗಿನಲ್ಲಿ ಕೂಗಿದ. ಮಗಳು ಹಿಂದಿನ ಸಾಲಿನಲ್ಲಿ, ಯಾರದೋ ಭುಜದ ಮರೆಯಲ್ಲಿ ನಿಂತಳು. ಪ್ರಮಾಣಪತ್ರಗಳನ್ನು ಬಾಗಿಲ ಬಳಿ ಮೇಜಿನ ಮೇಲೆ ರಾಶಿ ಹಾಕಿದ್ದರು. ಎಲ್ಲರೂ ತಮ್ಮ ತಮ್ಮದನ್ನು ತಾವೇ ಹುಡುಕಿಕೊಂಡರು.

ಊಟಕ್ಕೆ ಕೂತಾಗ ಅವಳು ಅನ್ನ ಕಲಸುತ್ತಲೇ ಇದ್ದಳು.

“ಫೋಟೋದಾಗ ಬಂದೀಯಲ್ಲ, ಬಿಡವಾ,” ಎಂದೆ.

“ಶಾಲು ಬ್ಯಾಡಾಗಿತ್ತಪ್ಪಾ. ಒಂದ ಸಲ ನನ್ನ ಹೆಸರು ಕರದಿದ್ರ ಸಾಕಿತ್ತು ಕದಾ, ಅಲ್ಲೇನ್ರಿ?” ತುಂಬಿದ ಕಣ್ಣು ಕಾಣದಿರಲೆಂದು ನೀರಿನ ಲೋಟ ಎತ್ತಿದಳು.

ಅವಳ ಹೆಸರು ಕರೆಯದವರ ಮೇಲೆ ನನಗೆ ಸಿಟ್ಟು ಬಂತು. ಆದರೆ ಎರಡು ವರ್ಷದಲ್ಲಿ ನಾನಾದರೂ ಏನು ವಿಚಾರಿಸಿದ್ದೆ?

ಮಧ್ಯಾಹ್ನದ ರೈಲಿನಲ್ಲಿ ಕೇಳಿದೆ: “ಪುಸ್ತಕದಾಗ ಭೂಪಟ ಬಂದ್ರ ಅವರಿಗೆ ಹೆಂಗ ಹೇಳ್ತಿ?”

ನಾನು ತಮಾಷೆ ಮಾಡುತ್ತಿದ್ದೇನೆಯೋ ಎಂದು ಮುಖ ನೋಡಿದಳು. ಆಮೇಲೆ ನನ್ನ ಅಂಗೈ ಎಳೆದುಕೊಂಡು ಬೆರಳಿನಿಂದ ಗೆರೆ ಎಳೆದಳು. “ಹಿಂಗ. ಇದು ಗೋದಾವರಿ, ಇದು ಕೃಷ್ಣಾ. ಒಬ್ಬಾಕಿಗೆ ಕಚಗುಳಿ ಆಗ್ತದ, ನಗಾಕ ಶುರು ಮಾಡ್ತಾಳ. ಆಮ್ಯಾಲ ಪಾಠನ ಇಲ್ಲ!” ಹೇಳುತ್ತ ಅವಳೂ ನಕ್ಕಳು.

ನಮ್ಮೂರಿನ ಹತ್ತಿರದ ಅನಕಾಪಲ್ಲಿ ದಾಟುವವರೆಗೂ ಮಾತು ನಿಲ್ಲಲಿಲ್ಲ. ಕೊನೆಗೆ ಚೀಲದಿಂದ ಪ್ರಮಾಣಪತ್ರ ತೆಗೆದು, ತನ್ನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿರುವುದನ್ನು ತೋರಿಸಿದಳು.

“ಅವ್ವಗ ಹೇಳಬ್ಯಾಡ್ರಿ. ಫ್ರೇಮ್ ಹಾಕಸ್ತೀನಿ ಅಂತ ಕಾಯಾಕತ್ತಾಳ.”