ಸೆರಗು ಕೂಡುವ ಸಾಲುಗಳು

ಅಥವಾ ನಾವು ಜಗಳವಾಡಿದ್ದು ಯಳಂದೂರಿನ ಟೀ ಅಂಗಡಿಯಲ್ಲೇ ಅಲ್ಲ, ಹನೂರಿನ ಬಸ್ ಸ್ಟ್ಯಾಂಡಿನಲ್ಲಿ. ಟೀ ಇತ್ತು ಎಂಬುದನ್ನೂ ನಾನು ಆಮೇಲೆ ಸೇರಿಸಿಕೊಂಡಿರಬಹುದು. ಜಗಳವಂತೂ ಆಗಿತ್ತು.

ನಾನು ಮತ್ತು ಹೊನ್ನೂರಿನ ನನ್ನ ಗೆಳೆಯ ಸೇರಿ ರೇಷ್ಮೆ ಸೀರೆಯ ಅಂಚಿನ ಚಿತ್ತಾರ ಬಿಡಿಸುವ ಒಂದು ಸಾಫ್ಟ್‌ವೇರ್ ಬರೆದಿದ್ದೆವು. ಕೊಳ್ಳೇಗಾಲದ ಕೆಲವು ಮಗ್ಗದ ಮನೆಗಳಲ್ಲಿ ಅದು ನಡೆಯುತ್ತಿತ್ತು. ಪುಕ್ಕಟೆ. ಯಾರು ಬೇಕಾದರೂ ನೋಡಿ ತಿದ್ದುವಂತೆ ಕೋಡನ್ನೂ ಬಿಚ್ಚಿಟ್ಟಿದ್ದೆವು. ಒಂದೇ ಷರತ್ತು: ತಿದ್ದಿ ಇನ್ನೊಬ್ಬರಿಗೆ ಕೊಡುವವರು ತಿದ್ದಿದ ಕೋಡನ್ನೂ ಕೊಡಬೇಕು. ಷರತ್ತು ಅವನದು.

ಹೊರಗಿನಿಂದ ಬಂದ ಮಗ್ಗದ ಯಂತ್ರದ ವ್ಯಾಪಾರಿಯೊಬ್ಬ, ಷರತ್ತು ತೆಗೆದರೆ ಇದನ್ನು ತನ್ನ ಯಂತ್ರದೊಳಗೆ ಹಾಕಿಕೊಳ್ಳುತ್ತೇನೆ ಎಂದ. ಕೋಡ್ ಯಾರಿಗೂ ತೋರಿಸುವುದಿಲ್ಲ ಎಂದೂ ಹೇಳಿದ. ನನಗೆ ಒಪ್ಪಿಗೆಯಿತ್ತು.

"ಓಗ್ಲಿ ಬುಡ್ಲಾ, ನೂರಾರು ಮಗ್ಗಕ್ಕೆ ಓಯ್ತದೆ," ಎಂದೆ. "ನಾವು ಬಿಚ್ಚಿಟ್ಟಿದ್ದು ಕೆಲ್ಸ ಚೆನ್ನಾಗ್ ಆಗ್ಲಿ ಅಂತ ತಾನೆ?"

"ನೀನು ಅದ್ಕೆ ಬಿಚ್ಚಿಟ್ಟೆ. ನಾನು ನೇಯೋರ ಕೈಲಿ ಇರ್ಲಿ ಅಂತ ಬಿಚ್ಚಿಟ್ಟೆ ಕಣ್ಲಾ. ಅವ ಮುಚ್ಚಿಕ್ಕಂಡ್ರೆ ನಾಳೆ ಒಂದು ಗೆರೆ ತಿದ್ದಕ್ಕೂ ಅವನ್ ತಾವೇ ಓಗ್ಬೇಕು."

"ಯಾರು ಏನ್ ಮಾಡ್ಬೋದು ಅಂತ ನೀನೇ ಯೋಳಿದ್ರೆ ಅದ್ಯಾವ್ ಸೀಮೆ ಸ್ವಾತಂತ್ರ್ಯ?"

"ಬೀಗ ಆಕೋ ಸ್ವಾತಂತ್ರ್ಯ ಒಂದ್ ಬುಟ್ಟು ಎಲ್ಲಾ ಕೊಟ್ಟಿವ್ನಿ. ಸಾಲ್ದಾ ನಿಂಗೆ?"

ಷರತ್ತು ತೆಗೆಯಲು ಇಬ್ಬರೂ ಒಪ್ಪಬೇಕು. ಅವನು ಒಪ್ಪಲಿಲ್ಲ. ಸರಿ, ನಾನು ಬರೆದ ಭಾಗವನ್ನಷ್ಟೇ ಕೊಡುತ್ತೇನೆ ಎಂದೆ. ವ್ಯಾಪಾರಿಗೆ ನಿಜಕ್ಕೂ ಬೇಕಿದ್ದದ್ದು ಒಂದೇ ಭಾಗ: ಅಂಚು ಸೆರಗಿಗೆ ಕೂಡುವ ಮೂಲೆಯಲ್ಲಿ ಬಳ್ಳಿಯ ಚಿತ್ತಾರ ಮುರಿಯದಂತೆ ನೋಡಿಕೊಳ್ಳುವ ಸಾಲುಗಳು. ಅವನ್ನು ಬರೆದವನು ನಾನು ಎಂದು ಚೆನ್ನಾಗಿ ನೆನಪಿತ್ತು.

"ಅದು ನಾನ್ ಬರ್ದಿದ್ದು," ಎಂದ ಗೆಳೆಯ. ಅವನಿಗೂ ಚೆನ್ನಾಗಿ ನೆನಪಿತ್ತು.

ನಾವು ಕೂತು ಕೋಡ್ ಬರೆದ ಅವನ ಜೆರಾಕ್ಸ್ ಅಂಗಡಿಯಲ್ಲಿದ್ದದ್ದು ಒಂದೇ ಕಂಪ್ಯೂಟರ್. ಒಬ್ಬ ಹೇಳುವುದು, ಇನ್ನೊಬ್ಬ ಟೈಪ್ ಮಾಡುವುದು, ಗಿರಾಕಿ ಬಂದರೆ ಜಾಗ ಬದಲು. ಯಾವ ಸಾಲು ಯಾರದೆಂದು ತಾನಾಗಿ ದಾಖಲಾಗುವ ವ್ಯವಸ್ಥೆಯೇನೋ ಇತ್ತು. ಆದರೆ ಇಬ್ಬರೂ ಅಂಗಡಿಯ ಹೆಸರಿನ ಒಂದೇ ಖಾತೆಯಲ್ಲಿ ಕೆಲಸ ಮಾಡಿದ್ದೆವು. ದಾಖಲೆಯ ಪ್ರಕಾರ ಎಲ್ಲವನ್ನೂ ಬರೆದದ್ದು ಜೆರಾಕ್ಸ್ ಅಂಗಡಿ.

ವ್ಯಾಪಾರಿ ಸ್ವಲ್ಪ ದಿನ ಕಾದು ಸುಮ್ಮನಾದ. ಷರತ್ತು ಉಳಿಯಿತು. ಗೆಳೆಯನೂ ನಾನೂ ಈಗಲೂ ಮಾತಾಡುತ್ತೇವೆ, ಬೇರೆ ವಿಷಯಗಳನ್ನು.

ಮೊನ್ನೆ ಆ ಸಾಲುಗಳನ್ನು ಮತ್ತೆ ಓದಿದೆ. ನನ್ನ ಕೈಬರಹದಷ್ಟು ಪರಿಚಿತ ಅನ್ನಿಸಿತು. ಅವನೊಬ್ಬನೇ ಆಮೇಲೆ ಬರೆದ ಇನ್ನೊಂದು ಸಾಫ್ಟ್‌ವೇರ್ ತೆಗೆದು ನೋಡಿದೆ. ಅದೂ ಅಷ್ಟೇ ಪರಿಚಿತ ಅನ್ನಿಸಿತು. ಮೂಲೆಯ ಸಾಲುಗಳನ್ನು ಬರೆದವರು ಯಾರೆಂದು ನನಗೆ ಗೊತ್ತಿಲ್ಲ.